ಕಮಾನಿನ ಕೆಳಗೆ ಆಡಿದ ಮಾತು

“ಮಾರಾಯ್ರೆ, ಇದರ ಅಡಿಯಲ್ಲಿ ನಿಂತು ‘ಬರ್ತೇನೆ’ ಅಂತ ಮಾತ್ರ ಹೇಳ್ಬೇಡಿ,” ಎಂದಳು ಪೆಟ್ರೊನಿಲ್ಲಾ.

ಧನಂಜಯ ನಕ್ಕುಬಿಟ್ಟ. ಕೊಲ್ಲಿ ದೇಶದ ಅದ್ಲಿಯಾ ಬಡಾವಣೆಯ ಹಳೇ ವಿಲ್ಲಾವನ್ನು ಕೆಫೆ ಮಾಡುವ ಕೆಲಸಕ್ಕೆ ಅವನು ಇಂಜಿನಿಯರು, ಮಂಗಳೂರಿನ ಪೆಟ್ರೊನಿಲ್ಲಾ ಆರ್ಕಿಟೆಕ್ಟು. ಫ್ರಾನ್ಸಿನಲ್ಲಿ ಪಾಳುಬಿದ್ದ ಹನ್ನೆರಡನೇ ಶತಮಾನದ ಚರ್ಚೊಂದರ ಬಾಗಿಲ ಕಮಾನನ್ನು ಮಾಲೀಕ ಹಡಗಿನಲ್ಲಿ ತರಿಸಿ ವಿಲ್ಲಾದ ಮುಂಬಾಗಿಲಿಗೆ ನಿಲ್ಲಿಸಿದ್ದ. ಅರ್ಧವೃತ್ತದ ದಪ್ಪ ಕಲ್ಲುಗಳು. ಕಂಬಗಳ ತಲೆಯಲ್ಲಿ ಬಾಯಿ ತೆರೆದ ಮುಖಗಳು.

“ಇದನ್ನು ಕಟ್ಟಿದ ಶಿಲ್ಪಿ ಹೆಂಡತಿಗೆ ‘ಬರ್ತೇನೆ’ ಅಂತ ಹೇಳಿ ಹೋದವ ಬರಲೇ ಇಲ್ಲವಂತೆ. ಅವಳು ಕಲ್ಲಿಗೇ ಮಾಟ ಮಾಡಿಸಿದಳಂತೆ. ಇಲ್ಲಿ ಆಡಿದ ಮಾತನ್ನು ಇದು ನಡೆಸಿಯೇ ಬಿಡ್ತದೆ.”

“ಒಳ್ಳೇದೇ ಆಯ್ತಲ್ರೀ!”

ಮೂರು ವರ್ಷದಿಂದ ಅವನು ದಾವಣಗೆರೆಯ ಹೆಂಡತಿಗೆ ‘ಬರ್ತೀನಿ’ ಎನ್ನುತ್ತಲೇ ಇದ್ದ. ಈ ಸಲ ಬರದಿದ್ದರೆ ಇನ್ನೆಂದೂ ಬರಬೇಡಿ ಎಂದಿದ್ದಳು ನಾಗಮಣಿ. ಇವತ್ತು ರಾತ್ರಿಯೇ ವಿಮಾನ. ಸೂಟ್‌ಕೇಸು ಎತ್ತಿಕೊಂಡು ಕಮಾನು ದಾಟುವಾಗ, ಹುಟ್ಟಿನಿಂದ ಬಂದ ಅಭ್ಯಾಸ, ತಿರುಗಿ ಹೇಳಿಯೇಬಿಟ್ಟ: “ಬರ್ತೀನ್ರೀ.” ಹೊರಡುವಾಗ ‘ಹೋಗ್ತೀನಿ’ ಎನ್ನುವ ಅಪಶಕುನ ನಮ್ಮಲ್ಲಿ ಯಾರ ಬಾಯಲ್ಲಿ ಬರುತ್ತದೆ? ಪೆಟ್ರೊನಿಲ್ಲಾಳ ಮುಖ ಬಿಳಿಚಿಕೊಂಡಿತು.

ಆಫೀಸಿನ ಕೆನೆತ್ ಕಾರು ಓಡಿಸುತ್ತಿದ್ದ. ಏರ್‌ಪೋರ್ಟಿನ ರಸ್ತೆ ಹಿಡಿದಿದ್ದರು. ಕಾರು ನಿಂತಾಗ ಎದುರಿಗೆ ಅದೇ ವಿಲ್ಲಾ.

“ವಾಪಸ್ ತಿರುಗಿಸು ಅಂತ ನೀವೇ ಹೇಳಿದ್ದಲ್ವಾ ಸರ್?”

ಬೈಯಲು ಬಾಯಿ ತೆರೆದ. ಅಷ್ಟರಲ್ಲಿ ಕಾಲು ಇಳಿದು ಕಮಾನಿನ ಕೆಳಗೆ ನಡೆದಿತ್ತು. ಒಳಗೆ ಯಾರೂ ಇರಲಿಲ್ಲ. ಮುಸ್ಸಂಜೆಗೇ ಕಗ್ಗತ್ತಲು. ಆ ಮರಳುಗಾಡಿನ ಊರಿನಲ್ಲಿ ಪಾಚಿಯ ವಾಸನೆ, ಆರಿದ ಮೇಣದಬತ್ತಿಯ ವಾಸನೆ. ಕಲ್ಲು ಕಲ್ಲಿಗೆ ತಿಕ್ಕುವ ಸದ್ದು. ಒಂದು ಹೆಜ್ಜೆ ಹೊರಗಿಟ್ಟ. ಕಾಲು ತಾನಾಗಿ ಒಳಬಂತು. ಮತ್ತೆ ಇಟ್ಟ. ಮತ್ತೆ ಬಂತು. ಕಮಾನು ಕಿರಿದಾಗುತ್ತಿತ್ತು. ಹೆಗಲಿಗೆ ತಣ್ಣನೆಯ ಕಲ್ಲು ತಾಗಿತು. ಇಷ್ಟು ಒಂಟಿ ಅವನು ಎಂದೂ ಆಗಿರಲಿಲ್ಲ.

ಫೋನು ಬಡಿದುಕೊಂಡಿತು. ಹೇಗೋ ಒತ್ತಿದ.

“ರೀ, ಹೊಂಟ್ರಾ? ಬರ್ತೀರೋ ಇಲ್ಲೋ?” ನಾಗಮಣಿಯ ದನಿಯಲ್ಲಿ ಆಸೆಯಿತ್ತು.

ಎದೆಯ ಮೇಲೆ ಕಲ್ಲು. ಉಸಿರಿಲ್ಲ. ಕಮಾನಿನ ಕೆಳಗೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಕು. ಅದೊಂದೇ ದಾರಿ. ಕಲ್ಲಿನ ಮುಖಗಳತ್ತ ಚೀರಿದ:

“ಬರಲ್ಲ! ಇನ್ನು ಯಾವತ್ತೂ ಬರಲ್ಲ!”

ಕಲ್ಲು ಬಿಟ್ಟಿತು. ರಸ್ತೆಗೆ ಉರುಳಿಬಿದ್ದ. ದೀಪಗಳು, ಹಾರ್ನು, ಸೆಕೆ. ಬದುಕಿದೆ ಎನ್ನುವಷ್ಟರಲ್ಲಿ ಕಿವಿಯ ಬಳಿ ನಾಗಮಣಿಯ ಸಣ್ಣ ದನಿ: “ಸರಿ.” ಫೋನು ಕಟ್ಟಾಯಿತು.

“ಏರ್‌ಪೋರ್ಟ್, ಕೆನೆತ್! ಬೇಗ!”

ಕಾರು ಹೋಗಿ ನಿಂತದ್ದು ಸನದ್ ಎಂಬಲ್ಲಿದ್ದ ಅವನ ಬಾಡಿಗೆ ಕೋಣೆಯೆದುರು.

“ರೂಮಿಗೆ ಅಂತ ನೀವೇ ಹೇಳಿದ್ದಲ್ವಾ ಸರ್?” ಕೆನೆತ್ ಹೆದರಿ ಕೇಳಿದ.

ಧನಂಜಯ ಮನೆಗೆ ಫೋನು ಹಚ್ಚಿದ. ನಾಗಮಣಿ ಎತ್ತಲಿಲ್ಲ.