ಬೆಲ್ಟಿಗೆ ಎಣ್ಣೆ

"ಯಾರೂ ಇಳಿಯಬೇಡಿ" ಎಂದು ಡ್ರೈವರ್ ಉಮ್ಮರ್ ಹೇಳುವಷ್ಟರಲ್ಲಿ ಏಳು ಹುಡುಗಿಯರೂ ಇಳಿದಾಗಿತ್ತು.

ಅಂಬಾಸಿಡರ್ ಕಾರಿನ ಮೂತಿಯಿಂದ ಬಿಳಿ ಹಬೆ ಏಳುತ್ತಿತ್ತು. ಸ್ಟೇರಿಂಗಿನ ಎದುರು ಒಂದು ಸಣ್ಣ ಕೆಂಪು ದೀಪ ಉರಿಯುತ್ತಿತ್ತು. ಅವರು ಉಜಿರೆ ದಾಟಿ ಇನ್ನೂ ಒಂದು ಮೈಲಿ ಬಂದಿರಲಿಲ್ಲ.

"ಎಂತ ಆಯ್ತು ಉಮ್ಮರಣ್ಣ?" ಎದುರಿನ ಸೀಟಿನಿಂದ ಶ್ರೀಮತಿ ಟೀಚರ್ ಕೇಳಿದರು. ಅವರ ಮಡಿಲಲ್ಲಿ ಥ್ರೋಬಾಲ್ ಇತ್ತು.

"ಬ್ಯಾಟರಿಗೆ ಚಾರ್ಜ್ ಆಗುದಿಲ್ಲ ಟೀಚರ್. ಇಂಜಿನೂ ಬಿಸಿಯಾಗಿದೆ. ಸ್ವಲ್ಪ ತಣಿಯಲಿ."

ಟೀಚರ್ ವಾಚು ನೋಡಿದರು. ಹತ್ತೂ ಮುಕ್ಕಾಲು. ಮೂಡಬಿದಿರೆಯ ಮೈದಾನದಲ್ಲಿ ಸರಿಯಾಗಿ ಎರಡು ಗಂಟೆಗೆ ಆಟ. ಎರಡಕ್ಕೆ ತಂಡ ಬರದಿದ್ದರೆ ಎದುರಿನವರು ಆಡದೆಯೇ ಗೆದ್ದ ಹಾಗೆ. ಕಕ್ಕಿಂಜೆ ಶಾಲೆಯ ಹುಡುಗಿಯರು ಜಿಲ್ಲಾ ಮಟ್ಟಕ್ಕೆ ಬಂದದ್ದು ಇದೇ ಮೊದಲು.

ಉಮ್ಮರ್ ಬಾನೆಟ್ ಎತ್ತಿ ಬಗ್ಗಿ ನೋಡಿದ. "ಬೆಲ್ಟ್ ತುಂಡಾಗಿದೆ ಅಂತ ತಿಳಿದೆ. ಬೆಲ್ಟ್ ಸರಿ ಉಂಟಲ್ಲ" ಎಂದು ತನ್ನಷ್ಟಕ್ಕೆ ಹೇಳಿಕೊಂಡ.

ಬೆಲ್ಟ್ ಎಂಬ ಮಾತು ಕೇಳಿದ್ದೇ ಅವನ ಮಗಳು ಜುಲೈಕಾ ಒಂದು ಹೆಜ್ಜೆ ಹಿಂದೆ ಸರಿದಳು. ಅವಳಿಗೆ ಹತ್ತು ವರ್ಷ. ತಂಡದಲ್ಲಿ ಎಲ್ಲರಿಗಿಂತ ಗಿಡ್ಡ, ಆದರೆ ಅವಳ ಸರ್ವೀಸನ್ನು ಹಿಡಿಯುವವರು ಕಡಿಮೆ.

"ನಾನು ನಿನ್ನೆಯೇ ಹೇಳಿದ್ದೆ, ಬಸ್ಸಲ್ಲಿ ಹೋಗುವ ಅಂತ" ಎಂದಳು ತ್ರಿಪುರಸುಂದರಿ. ಅವಳು ಏಳನೆಯ ಕ್ಲಾಸು, ತಂಡದ ಕ್ಯಾಪ್ಟನ್. "ಈ ಕಾರು ಮೊದಲೇ ನಾಯಿಮರಿಯ ಹಾಗೆ ಕುಂಯ್ ಕುಂಯ್ ಅಂತಿತ್ತು."

"ಇವತ್ತು ಅನ್ಲಿಲ್ಲ" ಎಂದಳು ಇನ್ನೊಬ್ಬಳು.

"ಅದೇ. ಇವತ್ತು ನಾಯಿಮರಿ ಸತ್ತಿತು."

ಎಲ್ಲರೂ ನಕ್ಕರು. ಜುಲೈಕಾ ನಗಲಿಲ್ಲ.

ಇಂಜಿನ್ ತಣಿಯಲು ಅರ್ಧ ಗಂಟೆ ಹಿಡಿಯಿತು. ಗೂಡಂಗಡಿಯಿಂದ ಕೊಡದಲ್ಲಿ ನೀರು ತಂದು ಹೊಯ್ದರು. ಬ್ಯಾಟರಿ ಹಳೆಯದು, ಸ್ಟಾರ್ಟರ್ 'ಟಕ್' ಎಂದು ಸುಮ್ಮನಾಯಿತು. ಏಳು ಹುಡುಗಿಯರು ಸೇರಿ ದೂಡಿದರು. ಕಾರು ಗುರ್ರೆಂದು ಹೊರಟಿತು. ನಡುವೆ ಮತ್ತೊಮ್ಮೆ ನಿಂತು ತಣಿಸಿಕೊಂಡು ಮೆಲ್ಲಗೆ ಬೆಳ್ತಂಗಡಿಗೆ ಬಂದು ಲೋಕಯ್ಯನ ಗ್ಯಾರೇಜಿನ ಎದುರು ನಿಂತಾಗ ಹನ್ನೊಂದೂ ಮುಕ್ಕಾಲು.

ಲೋಕಯ್ಯನಿಗೆ ಅರುವತ್ತು ದಾಟಿತ್ತು. ಮೂಗಿನ ತುದಿಯಲ್ಲಿ ಕನ್ನಡಕ, ಕಿವಿಯ ಸಂದಿಯಲ್ಲಿ ಬೀಡಿ. ಬಾಗಿಲಲ್ಲಿ ೧೯೮೬ರ ಕ್ಯಾಲೆಂಡರು ಗ್ರೀಸಿನ ಬೆರಳಚ್ಚುಗಳಿಂದ ಕಪ್ಪಾಗಿತ್ತು. ಅವನು ಏನೂ ಕೇಳದೆ ಹೆಬ್ಬೆರಳಿನಿಂದ ಬೆಲ್ಟನ್ನು ಒಮ್ಮೆ ಒತ್ತಿದ.

"ಬಿಗಿ ಉಂಟು" ಎಂದ.

ಆಮೇಲೆ ಕೀಲಿ ತಿರುಗಿಸಲು ಹೇಳಿ, ಒಂದು ಸ್ಕ್ರೂಡ್ರೈವರನ್ನು ಅಲ್ಟರ್ನೇಟರಿನ ಬೆನ್ನಿನ ಹತ್ತಿರ ಹಿಡಿದ. ಬ್ಯಾಟರಿಗೆ ಕರೆಂಟು ತುಂಬಿಸುವ ಆ ಉರುಟು ಪೆಟ್ಟಿಗೆಯನ್ನು ಪೇಟೆಯ ಡ್ರೈವರುಗಳೆಲ್ಲ ಹಳೆಯ ರೂಢಿಯಂತೆ ಡೈನಮೋ ಎಂದೇ ಕರೆಯುತ್ತಿದ್ದರು. ಸ್ಕ್ರೂಡ್ರೈವರು ಅಯಸ್ಕಾಂತಕ್ಕೆ ಸಿಕ್ಕಿದ ಹಾಗೆ ಟಪ್ಪನೆ ಅಂಟಿಕೊಂಡಿತು.

"ಡೈನಮೋಕ್ಕೆ ಜೀವ ಉಂಟು ಮಾರಾಯ. ಮತ್ತೆ ಯಾಕೆ ಚಾರ್ಜ್ ಇಲ್ಲ? ವಯರಿಂಗೇ ಇರ್ಬೇಕು. ಒಂದೊಂದೇ ವಯರ್ ಹಿಡಿದು ನೋಡ್ಬೇಕಷ್ಟೆ. ನಾಲ್ಕು ಗಂಟೆಗೆ ಬಿಡ್ತೇನೆ."

"ನಾಲ್ಕಕ್ಕಾ?" ಟೀಚರ ಸ್ವರ ಸಣ್ಣಗಾಯಿತು. "ಎರಡು ಗಂಟೆಗೆ ಆಟ."

"ಬೇರೆ ಕಾರು ನೋಡುವ" ಎಂದು ಉಮ್ಮರ್ ಸ್ಟ್ಯಾಂಡಿಗೆ ಓಡಿದ. ಓಡಿದಷ್ಟೇ ಬೇಗ ಮರಳಿದ. ಅಂದು ನಾಲ್ಕು ಕಡೆ ಮದುವೆ. ಸ್ಟ್ಯಾಂಡಿನಲ್ಲಿ ಒಂದು ಕಾರೂ ಇರಲಿಲ್ಲ. ಮೂಡಬಿದಿರೆಯ ಬಸ್ಸು ಈಗಷ್ಟೇ ಹೋಗಿತ್ತು. ಇನ್ನೊಂದು ಒಂದೂವರೆಗೆ.

ಹುಡುಗಿಯರು ಹಳೆಯ ಟಯರುಗಳ ಮೇಲೆ ಸಾಲಾಗಿ ಕೂತರು. ತ್ರಿಪುರಸುಂದರಿ ಚೆಂಡನ್ನು ನೆಲಕ್ಕೆ ಬಡಿಯುತ್ತಿದ್ದವಳು ನಿಲ್ಲಿಸಿದಳು. ಅವಳು ಮುಂದಿನ ವರ್ಷ ಈ ಶಾಲೆಯಲ್ಲಿ ಇರುವುದಿಲ್ಲ. ಅವಳಿಗೆ ಇನ್ನೊಂದು ಸಲ ಇಲ್ಲ.

ಜುಲೈಕಾ ಅವಳ ಮುಖ ನೋಡಿದಳು. ಬಾಪ ಉಮ್ಮರನ ಬೆನ್ನು ನೋಡಿದಳು. ಬಾಪ ಬಾನೆಟ್ಟಿನೊಳಗೆ ತಲೆ ಹಾಕಿ, ಇಲ್ಲದ ತಪ್ಪನ್ನು ವಯರುಗಳಲ್ಲಿ ಹುಡುಕುತ್ತಿದ್ದ. ಅವಳು ಟಯರಿನ ಮೇಲಿಂದ ಎದ್ದು ನಿಂತಳು.

ಹೇಳಿದರೆ ಈ ಏಳನೆಯ ಕ್ಲಾಸಿನವರು ವರ್ಷವಿಡೀ ಗೇಲಿ ಮಾಡುವುದನ್ನು ಬಿಡುವುದಿಲ್ಲ. ಹೇಳದಿದ್ದರೆ ನಾಲ್ಕು ಗಂಟೆ.

"ಲೋಕಯ್ಯಣ್ಣ" ಎಂದಳು. "ವಯರಲ್ಲ."

"ಮತ್ತೆ?"

"ಬೆಲ್ಟಿಗೆ ನಾನು ಎಣ್ಣೆ ಹಾಕಿದ್ದೇನೆ."

ಉಮ್ಮರ್ ತಲೆ ಎತ್ತುವ ಗಡಿಬಿಡಿಯಲ್ಲಿ ಬಾನೆಟ್ಟಿಗೆ ಬಡಿಸಿಕೊಂಡ. "ಎಂತ ಎಣ್ಣೆ?"

"ತೆಂಗಿನೆಣ್ಣೆ. ಕುಂಯ್ ಅಂತಿತ್ತಲ್ಲ ಬಾಪ. ಎಲ್ಲರೂ ನಗಾಡ್ತಿದ್ರು. ಅಜ್ಜಿ ಬಾಗಿಲಿಗೆ ಹಾಕ್ತಾರೆ, ಬಾವಿಯ ರಾಟೆಗೆ ಹಾಕ್ತಾರೆ, ಹೊಲಿಗೆ ಮೆಶಿನಿಗೂ ಹಾಕ್ತಾರೆ. ಶಬ್ದ ನಿಲ್ತದೆ."

ಮಾತು ನಿಜ. ಕಕ್ಕಿಂಜೆಯ ಆ ಮನೆಯಲ್ಲಿ ಪಾತುಮ್ಮಜ್ಜಿ ಕಿರ್ ಎಂದದ್ದಕ್ಕೆಲ್ಲ ತೆಂಗಿನೆಣ್ಣೆ ಬಿಡುತ್ತಿದ್ದರು. ಬೆಳಿಗ್ಗೆ ಬಾಪ ಚಾ ಕುಡಿಯುತ್ತಿದ್ದಾಗ ಜುಲೈಕಾ ಅಡುಗೆಮನೆಯ ಬಾಟ್ಲಿ ತಂದು ಬೆಲ್ಟಿನ ಉದ್ದಕ್ಕೂ ಹೊಯ್ದಿದ್ದಳು. ಶಬ್ದ ನಿಂತಿತ್ತು. ಸಣ್ಣ ಮಾತಿಗೂ ಖುಷಿಪಡುವ ಬಾಪ, "ಇವತ್ತು ಕಾರು ಒಳ್ಳೆಯ ಮಗುವಿನ ಹಾಗೆ ಉಂಟಲ್ಲ" ಎಂದಿದ್ದ.

ಲೋಕಯ್ಯ ಬೆಲ್ಟಿನ ಒಳಮೈಗೆ ಬೆರಳು ತಾಗಿಸಿ ಮೂಸಿದ. ಅವನ ಕನ್ನಡಕ ಜಾರಿತು. ಅವನು ನಗತೊಡಗಿದ.

"ಅಯ್ಯೋ ಮಾರಾಯ, ನನಗೆ ಆಗಲೇ ವಾಸನೆ ಬಂದಿತ್ತು. ಈ ಏಳು ಜಡೆಯಿಂದ ಬರುದು ಅಂತ ತಿಳಿದೆ."

"ಎಷ್ಟು ಹಾಕಿದ್ದಿ?" ಉಮ್ಮರ್ ಕೇಳಿದ.

"ಅರ್ಧ ಬಾಟ್ಲಿ."

"ಅಜ್ಜಿಗೆ ಗೊತ್ತುಂಟಾ?"

"ಇಲ್ಲ."

"ಅದು ಬೇರೆ ಕೇಸು. ಮನೆಯಲ್ಲಿ ನೋಡುವ." ಉಮ್ಮರ್ ತಲೆ ಉಜ್ಜಿಕೊಂಡ. ಬೈಯುವುದಕ್ಕೆ ಅವನಿಗೆ ಸಮಯ ಇರಲಿಲ್ಲ. ಮುಖ ಮಾತ್ರ ಬೆಳಿಗ್ಗೆಯ ನಂತರ ಮೊದಲ ಸಲ ಸಡಿಲವಾಗಿತ್ತು.

"ಬೆಲ್ಟ್ ತಿರುಗ್ತಾ ಇತ್ತು, ಆದರೆ ಜಾರ್ತಾ ಇತ್ತು" ಎಂದ ಲೋಕಯ್ಯ. "ಡೈನಮೋ ತಿರುಗಿಸುದೂ ಇದೇ, ನೀರಿನ ಪಂಪು ತಿರುಗಿಸುದೂ ಇದೇ. ಅದಕ್ಕೆ ಚಾರ್ಜೂ ಇಲ್ಲ, ತಂಪೂ ಇಲ್ಲ. ವಯರ್ ಹುಡುಕುವ ಕೆಲಸ ತಪ್ಪಿತು. ಹೊಸ ಬೆಲ್ಟ್ ಹಾಕುವ. ಬಾ ಇಲ್ಲಿ ಮಗಳೇ. ಎಣ್ಣೆ ಹಾಕಿದವಳೇ ಕೆಲಸಕ್ಕೆ ಬರ್ಬೇಕು. ಮೊದಲು ಕೈ ತೊಳಿ. ಸೋಪು ಹಾಕಿ."

ಲೋಕಯ್ಯ ಎರಡು ಬೋಲ್ಟು ಸಡಿಲಿಸಿ ಅಲ್ಟರ್ನೇಟರನ್ನು ಇಂಜಿನಿನ ಕಡೆಗೆ ದೂಡಿದ. ಬೆಲ್ಟ್ ಸೋತು ಜೋತುಬಿತ್ತು. ಅದನ್ನು ತೆಗೆದವನೇ ಪಂಪಿನ ಚಕ್ರವನ್ನು ಕೈಯಿಂದ ತಿರುಗಿಸಿದ. ಸದ್ದಿಲ್ಲ. ಅಲ್ಟರ್ನೇಟರಿನ ಚಕ್ರವನ್ನು ತಿರುಗಿಸಿದ. ಅವನ ನಗು ನಿಂತಿತು.

"ನೀನೊಮ್ಮೆ ತಿರುಗಿಸು."

ಜುಲೈಕಾ ತಿರುಗಿಸಿದಳು. ಕರಕರ. ಒಳಗೆ ಮರಳು ಇದ್ದ ಹಾಗೆ ಬೆರಳಿಗೆ ತಿಳಿಯಿತು. ಒಂದು ಕಡೆ ಚಕ್ರ ಕಚ್ಚಿ ನಿಂತಿತು.

"ಬೇರಿಂಗ್ ಹೋಗಿದೆ" ಎಂದ ಲೋಕಯ್ಯ. "ಇದು ತಿರುಗ್ಲಿಕ್ಕೆ ಬಿಡ್ಲಿಲ್ಲ, ಅದಕ್ಕೆ ಬೆಲ್ಟ್ ಕಿರುಚಿದ್ದು. ಎಷ್ಟು ದಿನದಿಂದ ಉಂಟು ಶಬ್ದ?"

ಉಮ್ಮರ್ ಗಲ್ಲ ತುರಿಸಿಕೊಂಡ. "ಹದಿನೈದು ದಿನ ಆಯ್ತು. ನಾನು ಟೇಪ್ ರೆಕಾರ್ಡರ್ ಜೋರು ಇಡ್ತಿದ್ದೆ."

"ಒಬ್ಬರು ಹಾಡು ಹಾಕಿದ್ರಿ, ಒಬ್ಬರು ಎಣ್ಣೆ ಹಾಕಿದ್ರಿ. ಒಳ್ಳೆಯ ಸಂಸಾರ."

ಜುಲೈಕಾ ಚಕ್ರವನ್ನು ಇನ್ನೊಮ್ಮೆ ಮೆಲ್ಲಗೆ ತಿರುಗಿಸಿದಳು. ಕಿರುಚಿದ್ದು ಬೆಲ್ಟ್, ಕೆಟ್ಟದ್ದು ಇದು. ಹದಿನೈದು ದಿನ ಅದು ಕರೆದಿತ್ತು.

"ಈಗ ಎಂತ ಮಾಡುದು?" ಟೀಚರ್ ಕೇಳಿದರು.

"ಇದನ್ನೇ ಬದಲು ಮಾಡುದು. ಗುಜರಿಗೆ ಬಿದ್ದ ಕಾರೊಂದರಿಂದ ತೆಗೆದು ಹೊಸ ಬೇರಿಂಗ್ ಹಾಕಿ ಇಟ್ಟ ಡೈನಮೋ ಒಳಗೆ ಉಂಟು. ಗಂಟೆ ಎಷ್ಟು?"

"ಹನ್ನೆರಡು ಐದು."

"ಮುಕ್ಕಾಲು ಗಂಟೆ ಕೊಡಿ."

ಮೊದಲು ಬ್ಯಾಟರಿಯ ವಯರ್ ಬಿಚ್ಚಿದರು. ಅಲ್ಟರ್ನೇಟರಿನ ಬೆನ್ನಿಗೆ ಮೂರು ವಯರುಗಳಿದ್ದವು. ಲೋಕಯ್ಯ ಒಂದೊಂದನ್ನೇ ಬಿಚ್ಚಿದ ಹಾಗೆ ಜುಲೈಕಾ ಅವನ್ನು ಬೇರೆ ಬೇರೆ ಬೆರಳುಗಳ ಸಂದಿಯಲ್ಲಿ ಹಿಡಿದು ನಿಂತಳು. ದಪ್ಪದ್ದು ಹೆಬ್ಬೆರಳಿನ ಹತ್ತಿರ, ಕಂದು ಬಣ್ಣದ್ದು ನಡುವೆ, ಹಳದಿ ಕಿರುಬೆರಳಿಗೆ. ಮೂಗಿನ ಮೇಲೆ ನೊಣ ಕೂತರೂ ಕೈ ಅಲ್ಲಾಡಿಸಲಿಲ್ಲ. ತ್ರಿಪುರಸುಂದರಿ ಎದ್ದು ಬಂದು ನೊಣ ಓಡಿಸಿದಳು.

"ಮರೆಯುದಿಲ್ಲ ಅಲ್ಲ, ಯಾವುದು ಎಲ್ಲಿ ಅಂತ?"

"ಇಲ್ಲ."

"ಮರೆತರೆ ನಿನ್ನನ್ನು ಇಲ್ಲಿಯೇ ಕೆಲಸಕ್ಕೆ ಬಿಟ್ಟುಹೋಗ್ತೇವೆ."

ಬಾಪ ಹಳೆಯದನ್ನು ಎತ್ತಿ ಇಳಿಸಿದ, ಬೇರೆಯದನ್ನು ಎತ್ತಿ ಕೊಟ್ಟ. ಬೋಲ್ಟುಗಳು ಕೂತವು. ಹೆಬ್ಬೆರಳಿನದು, ನಡುವಿನದು, ಕಿರುಬೆರಳಿನದು, ಮೂರು ವಯರೂ ತಂತಮ್ಮ ಜಾಗಕ್ಕೆ ಹೋದವು. ಚಕ್ರಗಳಲ್ಲಿ ಉಳಿದ ಎಣ್ಣೆಯನ್ನು ಜುಲೈಕಾ ಪೆಟ್ರೋಲ್ ಬಟ್ಟೆಯಿಂದ ಮೂರು ಸಲ ಉಜ್ಜಿದಳು. ನಾಲ್ಕನೆಯ ಸಲವೂ ಉಜ್ಜಿದಳು.

ಹೊಸ ಬೆಲ್ಟ್ ಕಪ್ಪಾಗಿ ಒಣಗಿತ್ತು. ರಬ್ಬರಿನ ವಾಸನೆ ಬಿಟ್ಟು ಬೇರೆ ವಾಸನೆ ಇರಲಿಲ್ಲ. ಫ್ಯಾನಿನ ರೆಕ್ಕೆಗಳ ಸಂದಿಯಲ್ಲಿ ಲೋಕಯ್ಯನ ದಪ್ಪ ಕೈ ತಡವರಿಸಿತು. ಜುಲೈಕಾಳ ಕೈ ಸಲೀಸಾಗಿ ಹೋಯಿತು. ಕೆಳಗಿನ ಚಕ್ರಕ್ಕೆ ಮೊದಲು, ಆಮೇಲೆ ಪಂಪಿಗೆ, ಕೊನೆಗೆ ಅಲ್ಟರ್ನೇಟರಿಗೆ. ಬೆಲ್ಟ್ ಚಕ್ರಗಳ ತೋಡಿನೊಳಗೆ ಕೂತಿತು.

ಲೋಕಯ್ಯ ಕಬ್ಬಿಣದ ಹಾರೆಯಿಂದ ಅಲ್ಟರ್ನೇಟರನ್ನು ಹೊರಗೆ ಮೀಟಿ ಹಿಡಿದ. ಉಮ್ಮರ್ ಬೋಲ್ಟು ಬಿಗಿದ.

"ಈಗ ಒತ್ತಿ ನೋಡು. ಹೆಬ್ಬೆರಳಿನ ಉಗುರಿನಷ್ಟು ತಗ್ಗಬೇಕು. ಹೆಚ್ಚು ಬೇಡ, ಕಡಿಮೆಯೂ ಬೇಡ."

ಜುಲೈಕಾ ಒತ್ತಿದಳು. "ನನ್ನ ಉಗುರಾ, ನಿಮ್ಮದಾ?"

ಲೋಕಯ್ಯ ತನ್ನ ಹೆಬ್ಬೆರಳು ನೋಡಿಕೊಂಡ. "ನನ್ನದು."

"ಹಾಗಾದರೆ ಸರಿ ಉಂಟು."

ಹನ್ನೆರಡೂ ಐವತ್ತಕ್ಕೆ ಉಮ್ಮರ್ ಸ್ಟೇರಿಂಗ್ ಹಿಡಿದು ಕೂತ. ಬ್ಯಾಟರಿ ಇನ್ನೂ ಖಾಲಿಯೇ. ಈ ಸಲ ಟೀಚರೂ ಸೆರಗು ಸೊಂಟಕ್ಕೆ ಸಿಕ್ಕಿಸಿ ದೂಡಲು ನಿಂತರು. ತ್ರಿಪುರಸುಂದರಿ ಎಣಿಸಿದಳು, ಒಂದು, ಎರಡು, ಮೂರು. ಕಾರು ಉರುಳಿತು. ಕೆಮ್ಮಿತು. ಹೊರಟಿತು.

ಜುಲೈಕಾ ಓಡುತ್ತ ಹೋಗಿ ಬಾಪನ ಕಿಟಕಿಯೊಳಗೆ ಇಣುಕಿದಳು. ಕೆಂಪು ದೀಪ ಉರಿಯುತ್ತಲೇ ಇತ್ತು. ಉಮ್ಮರ್ ಆಕ್ಸಿಲರೇಟರನ್ನು ಮೆಲ್ಲಗೆ ತುಳಿದ.

ದೀಪ ಮಂಕಾಯಿತು. ಆರಿತು.

"ಆರಿತು" ಎಂದಳು ಜುಲೈಕಾ. ಯಾರಿಗೂ ಕೇಳಲಿಲ್ಲವೆಂದು ತಿರುಗಿ ನಿಂತು ಇನ್ನೊಮ್ಮೆ ಹೇಳಿದಳು. ಆಗ ಏಳು ಜಡೆಗಳೂ ಒಟ್ಟಿಗೆ ಕುಣಿದವು. ಲೋಕಯ್ಯ ಕಿವಿಯಿಂದ ಬೀಡಿ ತೆಗೆದು ಹಚ್ಚಿದ.

ಗುರುವಾಯನಕೆರೆ ದಾಟಿತು. ವೇಣೂರು ದಾಟಿತು. ಹುಡುಗಿಯರ ಗದ್ದಲದ ನಡುವೆ ಎಲ್ಲೋ ಟಕ್ ಟಕ್ ಎಂದು ಶುರುವಾಯಿತು. ತ್ರಿಪುರಸುಂದರಿ ಬಾಯಿ ತೆರೆಯುವ ಮೊದಲೇ ಜುಲೈಕಾ ಕೈ ಎತ್ತಿದಳು.

"ಎಲ್ಲರೂ ಒಮ್ಮೆ ಸುಮ್ಮನಿರಿ. ಎಲ್ಲಿಂದ ಬರ್ತದೆ ಕೇಳುವ."

ಏಳು ಮಂದಿ ಉಸಿರು ಹಿಡಿದರು. ಕಾರು ಬೇಗ ಓಡಿದರೆ ಟಕ್ ಟಕ್ ಬೇಗ, ಮೆಲ್ಲಗಾದರೆ ಮೆಲ್ಲಗೆ.

"ಚಕ್ರದ್ದು" ಎಂದಳು ಜುಲೈಕಾ. "ಹಿಂದಿನದು."

ಉಮ್ಮರ್ ನಿಲ್ಲಿಸಿ ಇಳಿದು ಬಗ್ಗಿ ನೋಡಿ ಬಂದ. "ಚಕ್ರದ ಮುಚ್ಚಳದೊಳಗೆ ಒಂದು ಕಲ್ಲು. ತೆಗೀಲಿಕ್ಕೆ ಹೋದರೆ ಹತ್ತು ನಿಮಿಷ. ಇರಲಿ, ಏನೂ ಆಗುದಿಲ್ಲ."

ಎರಡು ಗಂಟೆಗೆ ಎಂಟು ನಿಮಿಷ ಇರುವಾಗ ಅಂಬಾಸಿಡರ್ ಮೈದಾನದ ಗೇಟಿನೊಳಗೆ ಬಂತು. ಮೈಕಿನಲ್ಲಿ ಕಕ್ಕಿಂಜೆಯ ಹೆಸರು ಕೂಗುತ್ತಿದ್ದರು. ಟಕ್ ಟಕ್ ಟಕ್ ಟಕ್. ಗೆರೆ ಹಾಕುತ್ತಿದ್ದವರು, ಐಸ್ ಕ್ಯಾಂಡಿ ಚೀಪುತ್ತಿದ್ದವರು, ಊರೂರಿನ ತಂಡಗಳು, ಎಲ್ಲರೂ ಕುತ್ತಿಗೆ ತಿರುಗಿಸಿ ನೋಡಿದರು.

ಜುಲೈಕಾ ತಲೆ ತಗ್ಗಿಸಲಿಲ್ಲ, ಕಿಟಕಿಯ ಗಾಜನ್ನು ಪೂರ್ತಿ ಇಳಿಸಿದಳು.