ನೌಕೆಯ ಎರಡನೇ ಸೀಟು

"ಇದೇನ್ ಮೇಡಂ, ಬೋರ್‌ವೆಲ್ ಲಾರಿನಾ?"

ಹಿಂದಿನಿಂದ ಬಂದ ಪ್ರಶ್ನೆಗೆ ಬೆಚ್ಚಿದೆ, ಕಂಪ್ಯೂಟರ್ ಪರದೆಯ ಮೇಲೆ ನನ್ನ ಗೆರೆ ಸೊಟ್ಟಗೆ ಹೋಯಿತು. ತಿರುಗಿ ನೋಡಿದೆ. ಕುತ್ತಿಗೆಯಲ್ಲಿ ಕ್ಯಾಮೆರಾ, ಹೆಗಲ ಮೇಲೆ ಹಳದಿ ಟವೆಲ್, ಮುಖದ ತುಂಬ ನಗು.

"ಬಾಹ್ಯಾಕಾಶ ನೌಕೆ. ಕಣ್ಣು ಕಾಣಲ್ವಾ?" ಎಂದೆ.

"ಕಾಣ್ತದೆ. ಸೈಲೆನ್ಸರ್ ಎಲ್ಲೈತೆ ಅಂತ ಉಡುಕ್ತಿದ್ದೆ ಅಷ್ಟೇಯ."

ಮೈಯೆಲ್ಲ ಉರಿದುಹೋಯಿತು. ಸ್ಟುಡಿಯೋಗೆ ಅವತ್ತಷ್ಟೇ ಸೇರಿದ್ದ ಮದುವೆ ಫೋಟೋಗ್ರಾಫರ್ ಸಿದ್ದರಾಜು ಇವನೇ ಎಂದು ಗೊತ್ತಾದ ಮೇಲೂ ಒಂದು ವಾರ ಅವನನ್ನು ಮಾತಾಡಿಸಲಿಲ್ಲ.

ಅದು 2006. ಚನ್ನರಾಯಪಟ್ಟಣದಲ್ಲಿ ಮಂಜುನಾಥ ಸರ್ ಸ್ಟುಡಿಯೋದ ಡಿಟಿಪಿ ಹುಡುಗಿ ನಾನು, ಹಂಸ. ಹಳೆ ಫೋಟೋ ತಿದ್ದಲೆಂದು ಸರ್ ಒಂದು ಗ್ರಾಫಿಕ್ಸ್ ಟ್ಯಾಬ್ಲೆಟ್ ತಂದಿದ್ದರು. ಅಂಗಡಿಯಲ್ಲಿ ಅದಕ್ಕೆ ಸ್ಲೇಟು ಎಂದೇ ಹೆಸರು. ಅದರ ಪೆನ್ನು ಹಿಡಿದು ತೀರಿಹೋದವರ ಮಾಸಿದ ಮೀಸೆ ಬರೆಯುವುದು, ಬೋಳು ಕೊರಳಿಗೆ ಸರ ಹಾಕುವುದು ನನ್ನ ಕೆಲಸ. ಬಿಡುವಾದರೆ ನೌಕೆ ಬರೆಯುತ್ತಿದ್ದೆ. ಹೊಳೆನರಸೀಪುರದ ಅರ್ಚಕರ ಮಗಳಿಗೆ ನೌಕೆ ಯಾಕೆ ಎಂದು ಕೇಳಬೇಡಿ. ಅಪ್ಪನ ಪರಿಚಯದವರು ಯಾರೂ ಇಲ್ಲದ ಜಾಗಕ್ಕೆ ಒಂದು ದಿನ ಹೋಗಬೇಕು ಅನ್ನಿಸುತ್ತಿತ್ತು, ಅಷ್ಟೇ.

ಎಂಟನೆಯ ದಿನ ಸಿದ್ದರಾಜು ಮೆಮೊರಿ ಕಾರ್ಡ್ ತಂದು ಮೇಜಿನ ಮೇಲಿಟ್ಟ.

"ನಿಮ್ ನೌಕೆ ಮೈ ಹೊಸ ಬಕೆಟ್ ಇದ್ದಂಗೈತೆ. ಅಷ್ಟ್ ದೂರ ಓಗಿ ಬಂದಿರೋದು ಒಸಿ ತುಕ್ಕು ಇಡಿಬ್ಯಾಡ್ವಾ?"

ಕಾರ್ಡಿನ ತುಂಬ ಕಬ್ಬಿಣ! ರೈಸ್ ಮಿಲ್ಲಿನ ಬಾಯ್ಲರ್, ಮಳೆಗೆ ನೆಂದ ಟ್ರಾಕ್ಟರ್ ಬಾನೆಟ್, ಲಾರಿ ಡೋರಿನ ಸುಲಿದ ಪೇಂಟು. ಒಂದು ಫೋಟೋದ ತುಂಡನ್ನು ನೌಕೆಯ ಹೊಟ್ಟೆಗೆ ಅಂಟಿಸಿದೆ. ನೌಕೆ ನಿಜವಾಗಿ ಎಲ್ಲಿಗೋ ಹೋಗಿ ಬಂದಂತೆ ಕಂಡಿತು. ಖುಷಿಗೆ ಅವನತ್ತ ತಿರುಗಿದೆ. ಅವನು ಪರದೆಯನ್ನಲ್ಲ, ನನ್ನನ್ನು ನೋಡುತ್ತಿದ್ದ. ಸಿಕ್ಕಿಬಿದ್ದದ್ದೇ ಕಿವಿ ಕೆಂಪಾಗಿ, ಲೆನ್ಸ್ ಒರೆಸತೊಡಗಿದ.

ಅವನ ಊರು ಹರದನಹಳ್ಳಿ. ಹೊಳೆನರಸೀಪುರದಲ್ಲಿ ಇಳಿದು ಸೈಕಲ್ ಹತ್ತಬೇಕು. ಹಾಗಾಗಿ ಸಂಜೆ ಇಬ್ಬರದ್ದೂ ಒಂದೇ ಬಸ್ಸು. ಬಸ್ಸು ನಿಲ್ಲುವ ಮೊದಲೇ ಓಡಿ, ಕಿಟಕಿಯಿಂದ ಹಳದಿ ಟವೆಲ್ ಒಳಗೆಸೆದು ನನಗೆ ಸೀಟು ಹಿಡಿಯುತ್ತಿದ್ದ. ಪಕ್ಕದ ಸೀಟು ಖಾಲಿಯಿದ್ದರೂ ತಾನು ಕೂರುತ್ತಿರಲಿಲ್ಲ, ಕಂಬಿ ಹಿಡಿದು ನಿಲ್ಲುತ್ತಿದ್ದ. ನೋಡಿದವರು ಅಪ್ಪನಿಗೆ ಹೇಳಿಯಾರೆಂದು ಇಬ್ಬರೂ ಬೇರೆ ಬೇರೆ ಟಿಕೆಟ್ ತಗೊಳ್ಳುತ್ತಿದ್ದೆವು. ನಿಂತುಕೊಂಡೇ ನನ್ನನ್ನು ರೇಗಿಸುತ್ತಿದ್ದ.

"ನಿಮ್ ನೌಕೇಲಿ ಒಂದೇ ಸೀಟಲ್ವಾ? ಅಷ್ಟ್ ದೂರ ಒಬ್ರೇ ಓಯ್ತೀರಾ?"

"ನಿಮ್ಮಂಥೋರ ಕಾಟ ತಪ್ಪಲಿ ಅಂತಾನೇ ಹೋಗ್ತಿರೋದು."

"ದಾರೀಲಿ ಕೆಟ್ಟೋದ್ರೆ ತಳ್ಳೋಕಾದ್ರೂ ಒಬ್ಬ ಬೇಕಲ್ಲ ಮೇಡಂ!"

ನಾನು ಕಿಟಕಿಯ ಕಡೆ ತಿರುಗಿ ನಕ್ಕೆ. ನನಗೆ ಅವನೆಂದರೆ ಪ್ರಾಣ. ಆದರೆ ಬಾಯಿಬಿಡುವ ಧೈರ್ಯ ನನಗೆಲ್ಲಿತ್ತು?

ಮಾಘ ಕಳೆಯುತ್ತಿದ್ದ ಒಂದು ಶನಿವಾರ ಅವನು ಯಾಕೋ ರೇಗಿಸಲಿಲ್ಲ. ಬಸ್ಸಿನಿಂದ ಇಳಿಯುವಾಗ ಮೆಲ್ಲಗೆ, "ಸೋಮವಾರ ನೌಕೆ ಫೈಲ್ ತೆಗ್ದು ಸರ್‍ಯಾಗಿ ನೋಡಿ. ನೋಡಿ ಯೋಳಿ" ಎಂದ.

ಸೋಮವಾರ ಬೇಗ ಬಂದು ಫೈಲ್ ತೆಗೆದೆ. ಗಾಜಿನ ಮೇಲೆ ಗಾಜು ಇಟ್ಟ ಹಾಗೆ ಅರವತ್ತು ಲೇಯರುಗಳ ಚಿತ್ರ ಅದು. ಎಲ್ಲ ಮೊದಲಿನಂತೆಯೇ ಕಂಡಿತು. ತುಕ್ಕು ಚೆನ್ನಾಗಿ ಬಂದಿದೆ ಎಂದು ನನ್ನ ಬಾಯಲ್ಲಿ ಕೇಳಬೇಕಂತೆ ಮಹಾರಾಯನಿಗೆ ಎಂದುಕೊಂಡು, ಅದನ್ನೇ ಪ್ರಿಂಟ್ ಹಾಕಿ ಕೊಡೋಣ ಅನ್ನಿಸಿತು. ಪ್ರಿಂಟಿಗೆ ಎಲ್ಲ ಲೇಯರುಗಳನ್ನೂ ಒಂದು ಮಾಡಬೇಕು. ಆಗ ಕಂಪ್ಯೂಟರ್ ಕೇಳುತ್ತದೆ, ಕಾಣದಂತೆ ಮುಚ್ಚಿಟ್ಟ ಲೇಯರುಗಳನ್ನು ಬಿಸಾಡಲೇ ಎಂದು. ದಿನಕ್ಕೆ ಐವತ್ತು ಸಲ ಕೇಳುತ್ತದೆ. ಡಿಟಿಪಿಯವರು ಯಾರೂ ಅದನ್ನು ಓದುವುದಿಲ್ಲ. ನಾನೂ ಓದದೆ ಎಂಟರ್ ಒತ್ತಿದೆ, ಸೇವ್ ಮಾಡಿದೆ.

ಅವನು ಬಂದ. ಪ್ರಿಂಟ್ ಕೈಗಿಟ್ಟೆ.

"ನೋಡ್ದೆ. ಏನೂ ಸೇರಿಸೋ ಹಾಗಿಲ್ಲ. ಹೀಗೇ ಇರ್ಲಿ," ಎಂದು ಹೆಮ್ಮೆಯಿಂದ ಹೇಳಿದೆ.

ಅವನು ತುಂಬಾ ಹೊತ್ತು ನೌಕೆಯ ಕಿಟಕಿಯನ್ನೇ ನೋಡಿದ. "ಆಯ್ತು ಮೇಡಂ," ಎಂದು ಪ್ರಿಂಟ್ ಸುತ್ತಿಕೊಂಡು ಹೊರಗೆ ಹೋದ. ಅವತ್ತಿನಿಂದ ಬೇರೆ ಬಸ್ಸು ಹಿಡಿದ.

ಹದಿನೈದು ದಿನಕ್ಕೆ ಅವನ ಮದುವೆ ಕಾರ್ಡಿನ ಮ್ಯಾಟರ್ ನನ್ನ ಮೇಜಿಗೆ ಬಂತು. ಅರಕಲಗೂಡಿನ ಸೋದರಮಾವನ ಮಗಳು, ಲತಾ. ಇಷ್ಟು ದಿನ ನನ್ನ ಜೊತೆ ಆಟ ಆಡಿದನಲ್ಲ ಎಂದು ಹಲ್ಲು ಕಚ್ಚಿಕೊಂಡು ಟೈಪ್ ಮಾಡಿದೆ. ಬಾತ್‌ರೂಮಿಗೆ ಹೋಗಿ ಅತ್ತೆ.

ಮದುವೆಗೆ ನಾಲ್ಕು ದಿನವಿತ್ತು. ಮಂಜುನಾಥ ಸರ್ ಬಂದು, "ಸಿದ್ದುಗೆ ನಮ್ ಕಡೆಯಿಂದ ನಿನ್ನ ನೌಕೇನೇ ದೊಡ್ಡದಾಗಿ ಫ್ರೇಮ್ ಹಾಕ್ಸಿ ಕೊಡಾಣ. ನೋಡ್ತಾ ನಿಂತ್ರೆ ಊಟ ಮರೀತಿದ್ದ ಕಣಮ್ಮ ಅವ್ನು," ಎಂದರು.

ನಾನು ಸೇವ್ ಮಾಡಿದ್ದು ಚಿಕ್ಕ ಸೈಜು, ದೊಡ್ಡ ಫ್ರೇಮಿಗೆ ಮೊದಲಿನ ಫೈಲೇ ಬೇಕಿತ್ತು. ಪ್ರತಿ ಶನಿವಾರ ಸಂಜೆ ಸರ್ ವಾರದ ಕೆಲಸವನ್ನೆಲ್ಲ ಸಿಡಿಗೆ ಹಾಕಿಡುತ್ತಿದ್ದರು. ನಾನು ಲೇಯರುಗಳನ್ನು ಒಂದು ಮಾಡುವ ಹಿಂದಿನ ಶನಿವಾರದ ಸಿಡಿ ಹುಡುಕಿ ಹಾಕಿದೆ.

ಲೇಯರುಗಳ ಪಟ್ಟಿಯಲ್ಲಿ ನನ್ನದಲ್ಲದ ಒಂದು ಹೆಸರಿತ್ತು. ಇಂಗ್ಲಿಷ್ ಅಕ್ಷರದಲ್ಲಿ, 'ಸಿದ್ದು ಸೀಟು'. ಸರ್ ಕಣ್ಣಿಗೆ ಬೀಳದಿರಲೆಂದು ಅವನೇ ಅದನ್ನು ಮುಚ್ಚಿಟ್ಟಿದ್ದ. ತೆರೆದೆ.

ನೌಕೆಯ ಕಿಟಕಿಯೊಳಗೆ ನನ್ನ ಸೀಟಿನ ಪಕ್ಕ ಇನ್ನೊಂದು ಸೀಟು. ಪೆನ್ನು ಹಿಡಿದು ಗೊತ್ತಿಲ್ಲದವನ ನಡುಗುವ ಗೆರೆ, ಒಂದು ಕಡೆ ಎತ್ತರ, ಒಂದು ಕಡೆ ತಗ್ಗು. ಅದರ ಮೇಲೆ ಹಳದಿ ಟವೆಲ್.

ಅಯ್ಯೋ ದೇವರೇ, ನಾನೇನು ಮಾಡಿಬಿಟ್ಟೆ!

ಮದುವೆಗೆಂದು ರಜೆ ಹಾಕಿದ್ದ ಅವನು ಮಧ್ಯಾಹ್ನ ಸರ್‌ಗೆ ಕಾರ್ಡ್ ಕೊಡಲು ಬಂದ. ಸರ್ ಊಟಕ್ಕೆ ಹೋಗಿದ್ದರು. ಕೈ ಹಿಡಿದು ಎಳೆತಂದು ಪರದೆಯ ಮುಂದೆ ನಿಲ್ಲಿಸಿದೆ.

"ಇದು ನಂಗೆ ಕಾಣ್ಲೇ ಇಲ್ಲ ಕಣೋ. ನೋಡದೆ ಅಳಿಸಿಬಿಟ್ಟೆ."

ಅವನ ಮುಖ ಬಿಳುಚಿತು. "ಬ್ಯಾಡ ಅಂತ ನೀವೇ ತೆಗೆದಾಕಿದ್ರಿ ಅನ್ಕಂಡೆ. ಲತಾನ ತರಾಣ ಅಂತಿದ್ದ ಅವ್ವಂಗೆ ಸೋಮವಾರ ಗಂಟ ತಡಿ ಅಂತ ಯೋಳಿದ್ದೆ... ನೋಡಿದ್ರೆ ಏನಂತಿದ್ರಿ?"

"ಮನೇಲಿ ಜಗಳ ಆಡ್ತಿದ್ದೆ. ಒಪ್ಪದಿದ್ರೆ ಉಟ್ಟ ಬಟ್ಟೇಲಿ ಬರ್ತಿದ್ದೆ. ನೀನಂದ್ರೆ ನಂಗೆ ಇಷ್ಟ, ಸಿದ್ದು."

ಅವನು ಸ್ಟೂಲಿನ ಮೇಲೆ ಕೂತ. ಕೈಯಲ್ಲಿದ್ದ ಕಾರ್ಡ್ ತಿರುಗಿಸುತ್ತ, "ಲತಾ ಏನ್ ತಪ್ಪು ಮಾಡವ್ಳೆ? ಕಾರ್ಡ್ ಅಂಚ್ಕಂಡು ಊರೆಲ್ಲ ಸುತ್ತವ್ಳೆ," ಎಂದ.

ಅವಳ ಹೆಸರನ್ನು ನಾನೇ ಟೈಪ್ ಮಾಡಿದ್ದೆ.

ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಅವನಿದ್ದ. ಬಸ್ಸು ತಿರುಗುತ್ತಲೇ ಓಡಿ ಟವೆಲ್ ಎಸೆದ. ಅದು ಎರಡು ಸೀಟಿನ ಮೇಲೂ ಹರಡಿ ಬಿತ್ತು. ನಾನು ಕಿಟಕಿಯ ಪಕ್ಕ ಕೂತೆ. ಅವನು ಒಂದು ಗಳಿಗೆ ಕಂಬಿ ಹಿಡಿದು ನಿಂತ, ಆಮೇಲೆ ನನ್ನ ಪಕ್ಕ ಕೂತ.

ಕಂಡಕ್ಟರ್ ಬಂದು, "ಎಲ್ಲಿಗೆ?" ಎಂದ.

"ಎಲ್ಡು ಒಳೆನರಸೀಪುರ," ಎಂದ ಸಿದ್ದು.

ಅವನು ನಮ್ಮಿಬ್ಬರಿಗೆ ಒಟ್ಟಿಗೆ ಟಿಕೆಟ್ ತೆಗೆದದ್ದು ಅದೊಂದೇ ಸಲ.