ಸೂಜಿ ಹಿಡಿಯುವವರೆಗೆ

ಕೆಲವರನ್ನು ದೇವರು ಕೈಹಿಡಿದು ದಾರಿಗೆ ತರುತ್ತಾನೆ. ನನ್ನನ್ನು ಕೈ ಮುರಿದು ತಂದ. ಹೀಗೆಂದರೆ ಅಮ್ಮ ಶಿಲುಬೆಯ ಗುರುತು ಹಾಕಿಕೊಂಡು, "ದೇವರ ಮೇಲೆ ಯಾಕೆ ಹಾಕ್ತೀಯೆ ಅಂಪಾರೊ? ನೀರು ಚೆಲ್ಲಿದ್ದು ದೆಲ್ಫಿನ್" ಎನ್ನುತ್ತಾಳೆ.

ಅದೂ ನಿಜವೇ. ನಮ್ಮೂರು ಲುಂಬಾನಿನ ಮಾರುಕಟ್ಟೆಯಲ್ಲಿ ಬೆಳಗಿನ ಆರು ಗಂಟೆಗೆ, ತನ್ನ ಮೀನಂಗಡಿಯ ಮುಂದಿನ ನೆಲ ತೊಳೆಯಲೆಂದು ದೆಲ್ಫಿನ್ ಒಂದು ಚೊಂಬು ನೀರು ಚೆಲ್ಲಿದ. ಆ ನೀರಿನ ಮೇಲೆ ನನ್ನ ರಬ್ಬರ್ ಚಪ್ಪಲಿ ಹೋಯಿತು. ಚಪ್ಪಲಿಯ ಹಿಂದೆ ನಾನು. ಕಣ್ಣು ಬಿಟ್ಟಾಗ ಕಂಡದ್ದು ಎರಡು ಮುಖ. ಹಲಗೆಯ ಅಂಚಿನಲ್ಲಿ ತಿಲಾಪಿಯಾ ಮೀನಿನದು, ಅದರ ಪಕ್ಕದಲ್ಲಿ ಬಗ್ಗಿದ್ದ ಅವನದು. ಹೆಚ್ಚು ಕಣ್ಣು ಬಿಟ್ಟಿದ್ದವನು ಅವನೇ.

"ನೋಡ್ಕೊಂಡು ನಡೀಬಾರ್ದಾ?" ಎಂದ. ಗಾಬರಿಯಲ್ಲಿ ಬಂದ ಮಾತು. ಬಿದ್ದವಳಿಗೆ ಅದು ಗಾಬರಿಯಾಗಿ ಕೇಳಿಸುತ್ತದೆಯೇ?

"ನೋಡ್ಕೊಂಡು ಚೆಲ್ಲಬಾರ್ದಾ?" ಎಂದೆ. "ಇದು ಬರೀ ಕೈಯಲ್ಲ ರೀ. ನಮ್ಮನೆ ಅನ್ನ."

ಮದುವೆ ಗಂಡುಗಳ ಅಂಗಿಗೆ, ಅನಾನಸ್ ನಾರಿನ ತೆಳುಬಟ್ಟೆಯ ಮೇಲೆ ಹೂ ಕಸೂತಿ ಹಾಕುವುದು ನನ್ನ ಕೆಲಸ. ಮುರಿದದ್ದು ಬಲ ಮಣಿಕಟ್ಟು. ಅರ್ಧ ಹೂವಾಗಿದ್ದ ಅಂಗಿಯನ್ನು ಅದರ ಯಜಮಾನರು ಮರುವಾರವೇ ಬೇರೆಯವಳ ಮನೆಗೆ ಒಯ್ದರು.

ನಮ್ಮಲ್ಲಿ ನೆರೆಹೊರೆಯ ಜಗಳ ನೇರ ಕೋರ್ಟಿಗೆ ಹೋಗುವಂತಿಲ್ಲ. ಮೊದಲು ಕೇರಿಯ ಮುಖ್ಯಸ್ಥರೆದುರು, ವಕೀಲರಿಲ್ಲದೆ, ಒಬ್ಬರ ಮುಖ ಒಬ್ಬರು ನೋಡಿಕೊಂಡು ಮಾತಾಡಬೇಕು. ನಮ್ಮ ಕೇರಿಯ ಮುಖ್ಯಸ್ಥೆ, ನಾವು ಕರೆಯುವಂತೆ 'ಕಪಿತಾನಾ', ಸಲೋಮೆ. ಮೊದಲು ಸೂಲಗಿತ್ತಿಯಾಗಿದ್ದವರು.

"ನಿಮ್ಮಿಬ್ಬರನ್ನೂ ಈ ಲೋಕಕ್ಕೆ ಎಳೆದವಳು ನಾನೇ," ಎಂದು ಅವರು ಶುರುಮಾಡಿದರು. "ಆವತ್ತೂ ಹೀಗೇ ಕಿರುಚಿದ್ರಿ. ಈಗ ಒಬ್ಬೊಬ್ಬರಾಗಿ ಹೇಳಿ."

"ಇಪ್ಪತ್ತು ಸಾವಿರ ಪೆಸೊ ಕೊಡಿಸಿ, ಕಪಿತಾನಾ," ಎಂದೆ.

"ಅಂಗಡಿ ಮಾರಿದ್ರೂ ಅಷ್ಟು ಹುಟ್ಟಲ್ಲ," ಎಂದ ದೆಲ್ಫಿನ್. "ಡಾಕ್ಟರ ಖರ್ಚು ನಂದೇ. ಅದರ ಮೇಲೆ ದಿನಾ ಮೀನು ಬೇಕಾದ್ರೆ ಕಳಿಸ್ತೀನಿ."

"ಮುರಿದ ಕೈಲಿ ಮುಳ್ಳು ಬಿಡಿಸ್ಲಾ?"

ಅವನ ತುಟಿಯ ಒಂದು ಮೂಲೆ ನಗಲು ಹೊರಟು, ಕಪಿತಾನಾರನ್ನು ನೋಡಿ ಹಿಂದಿರುಗಿತು.

ಕಪಿತಾನಾ ಅಮ್ಮನ ಕಡೆ ತಿರುಗಿದರು. ಬಾಳೆಲೆಯಲ್ಲಿ ಸುತ್ತಿದ ಅಂಟಕ್ಕಿ ಕಡುಬು ಬೇಯಿಸಿ ಮಾರುವವಳು ನಮ್ಮಮ್ಮ. "ಒಲೆಗೆ ಸೌದೆ ಯಾರು ಒಡೀತಾರೆ? ನೀರು ಯಾರು ಹೊಡೀತಾರೆ?"

"ಇವಳೇ ಅಲ್ವಾ, ಇನ್ಯಾರಿದ್ದಾರೆ?"

"ಹಾಗಾದ್ರೆ ಬರ್ಕೊಳ್ಳಿ," ಎಂದರು ಕಪಿತಾನಾ ಗುಮಾಸ್ತರಿಗೆ. "ಅಂಪಾರೊ ಮತ್ತೆ ಸೂಜಿ ಹಿಡಿಯುವವರೆಗೆ ದಿನಾ ಮಧ್ಯಾಹ್ನ ಆ ಮನೆಯ ಸೌದೆ, ನೀರು ದೆಲ್ಫಿನ್‌ದು." ಅವನು ಸಹಿ ಹಾಕಿದ. ನಾನು ಎಡಗೈ ಹೆಬ್ಬೆಟ್ಟು ಒತ್ತಿದೆ.

ಆ ಕಾಗದದೊಳಗಿನ ಎಡವಟ್ಟು ಆಗ ಯಾರಿಗೂ ಹೊಳೆಯಲಿಲ್ಲ. ಕಪಿತಾನಾರಿಗೆ ಹೊಳೆದಿತ್ತೋ ಏನೋ, ಇಂದಿಗೂ ಬಾಯಿಬಿಟ್ಟಿಲ್ಲ. ಹೆಣ್ಣಿರುವ ಮನೆಗೆ ಗಂಡೊಬ್ಬ ಸೌದೆ ಒಡೆದು ನೀರು ತಂದರೆ ನಮ್ಮೂರಲ್ಲಿ ಅದಕ್ಕೆ ಒಂದೇ ಅರ್ಥ. ಸೇವೆ ಮಾಡಿ ಹೆಣ್ಣು ಕೇಳುವ ಪದ್ಧತಿ ಅಜ್ಜಂದಿರ ಕಾಲದ್ದು.

ನಾಲ್ಕನೆಯ ದಿನವೇ ಬಿದಿರು ಬೇಲಿಯ ಮೇಲೆ ಪಕ್ಕದ ಮನೆಯ ಚಾಯೋಂಗ್ ಚಿಕ್ಕಮ್ಮನ ತಲೆ ಮೂಡಿತು. "ಏನೇ ಅಂಪಾರೊ, ಸೇವೆ ಯಾವತ್ತಿಂದ?"

"ಸೇವೆಯಲ್ಲ ಚಿಕ್ಕಮ್ಮ, ಪರಿಹಾರ. ಕಾಗದ ಇದೆ."

"ಹೌದೌದು. ಪರಿಹಾರ ಕೊಡೋಕೆ ಬರೋನು ಕೈಗೆ ನಿಂಬೆಹಣ್ಣು ಉಜ್ಜಿಕೊಂಡು ಬರ್ತಾನಾ?"

ಆಮೇಲೆ ನನ್ನ ಮೂಗು ಅದನ್ನೇ ಹುಡುಕತೊಡಗಿತು. ನಿಜ, ಮೀನಂಗಡಿಯಿಂದ ಬಂದವನ ಕೈಯಿಂದ ನಿಂಬೆಯ ಪರಿಮಳ. ಬೋರ್‌ವೆಲ್ ಹಿಡಿಕೆಯನ್ನು ಎರಡು ಸಲ ಒತ್ತುವನು, ಮೂರನೆಯ ಸಲಕ್ಕೆ ನನ್ನ ಕಿಟಕಿಯತ್ತ ನೋಡುವನು.

"ಬಕೆಟ್ ತುಂಬಿ ಹರೀತಿದೆ ರೀ," ಎನ್ನುವೆ. "ಮತ್ಯಾರನ್ನ ಜಾರಿಸ್ಬೇಕು ಅಂತಿದೀರಿ?"

"ಇಲ್ಲಿ ಜಾರೋರು ಯಾರೂ ಕಾಣಲ್ಲ," ಎಂದು ನೆಲ ನೋಡುವನು. "ಒಬ್ಬರಿದ್ದಾರೆ, ಅವರು ಕಿಟಕಿ ಬಿಟ್ಟು ಬರಲ್ಲ."

ಆ ಹೊತ್ತಿನಲ್ಲೇ ಅಮ್ಮ, ನಾನು ಜಪಸರ ಹಿಡಿದು ಕೂರುತ್ತಿದ್ದೆವು. ಅಂಗಳದಲ್ಲಿ ಕೊಡಲಿಯ ಸದ್ದು. 'ಮರಿಯಮ್ಮ ತಾಯೇ, ನನ್ನ ಕೈ ಬೇಗ ಗುಣಮಾಡು' ಎಂದು ಮೊದಲು ಬೇಡುತ್ತಿದ್ದೆ. ಐದನೆಯ ವಾರದ ಹೊತ್ತಿಗೆ ಆ 'ಬೇಗ' ನನ್ನ ಪ್ರಾರ್ಥನೆಯಿಂದ ಸದ್ದಿಲ್ಲದೆ ಬಿದ್ದುಹೋಗಿತ್ತು.

ಏಳನೆಯ ವಾರ ಪ್ಲಾಸ್ಟರ್ ಬಿಚ್ಚಿದರು. ಕೆಲವು ದಿನ ಕಳೆದು, ಬಾಗಿಲು ಹಾಕಿಕೊಂಡು ಸೂಜಿಗೆ ದಾರ ಪೋಣಿಸಿದೆ. ಬೆರಳು ಹಳೆಯಂತೆಯೇ ಓಡಿತು. ಸೂಜಿ ಹಿಡಿದೆ ಎಂದರೆ ಕಾಗದ ಮುಗಿಯಿತು. ಅವನು ಬರುತ್ತಿರುವುದು ಕಾಗದಕ್ಕೋ, ನನಗೋ? ಕಾಗದಕ್ಕೇ ಆದರೆ, ನಾಳೆಯಿಂದ ಅಂಗಳ ಬರಿದು. ಕೇಳುವ ಧೈರ್ಯವಿಲ್ಲದೆ ಮಣಿಕಟ್ಟಿಗೆ ಮತ್ತೆ ಬಟ್ಟೆ ಸುತ್ತಿಕೊಂಡೆ. ದೇವರು ನೋಡಿದ. ಅಮ್ಮನೂ ನೋಡಿದಳೆಂದು ನನ್ನ ಅನುಮಾನ. ಇಬ್ಬರೂ ಚಾಡಿ ಹೇಳಲಿಲ್ಲ.

ಆದರೆ ಕಸುಬಿನವಳಿಗೆ ಜೋತಾಡುವ ಗುಂಡಿ ಕಂಡರೆ ಕೈ ಸುಮ್ಮನಿರುವುದಿಲ್ಲ. ಒಂದು ಮಧ್ಯಾಹ್ನ ಅವನು ಅಂಗಿ ಬಿಚ್ಚಿ ಸೀಬೆ ಕೊಂಬೆಗೆ ಹಾಕಿ ಸೌದೆ ಒಡೆಯುತ್ತಿದ್ದ. ಎರಡನೆಯ ಗುಂಡಿ ಒಂದೇ ದಾರದ ಮೇಲೆ ನೇತಾಡುತ್ತಿತ್ತು. ಅವನು ನೀರಿಗೆ ಹೋದಾಗ ಹೊಲಿದು, ಹಾಗೇ ತೂಗುಹಾಕಿದೆ. ಅವನು ಅಂಗಿ ತೊಟ್ಟ, ಗುಂಡಿ ಹಾಕಿಕೊಂಡ, ಅದರ ಮೇಲೆ ಬೆರಳಾಡಿಸಿದ. ಕೊಡಲಿ ಮೂಲೆಗಿಟ್ಟು ಹೋದ. ಮರುದಿನವೂ ಬಂದ. ಅದರ ಮರುದಿನವೂ.

ಗುಂಡಿ ಹೊಲಿದ ಹನ್ನೊಂದನೆಯ ದಿನ ಅವನು ಬರಲಿಲ್ಲ. ಬಂದದ್ದು ಕಪಿತಾನಾರ ನೋಟೀಸು. ದೂರುದಾರ: ದೆಲ್ಫಿನ್.

ಅದೇ ಕುರ್ಚಿಗಳು. ಅವನು ಮೇಜಿನ ಮೇಲೆ ಅಂಗಿ ಇಟ್ಟ.

"ಇವರ ಕೈ ವಾಸಿಯಾಗಿದೆ, ಕಪಿತಾನಾ. ನನಗೆ ಹೇಳಿಲ್ಲ. ಹತ್ತು ದಿನ ಹೆಚ್ಚಿಗೆ ಸೌದೆ ಒಡ್ಸಿದ್ದಾರೆ. ನನಗೆ ಪರಿಹಾರ ಬೇಕು."

ಕಪಿತಾನಾ ಕನ್ನಡಕ ಏರಿಸಿ ಗುಂಡಿ ನೋಡಿದರು. "ಇಷ್ಟು ಸಣ್ಣ ಹೊಲಿಗೆ ಎಡಗೈಲಿ ಆಗಲ್ಲ. ಏನಂತೀಯೆ ಅಂಪಾರೊ?"

ನನ್ನ ಕಿವಿ ಬಿಸಿಯಾಗಿತ್ತು. ಅವನನ್ನೇ ಕೇಳಿದೆ: "ಆವತ್ತೇ ಗೊತ್ತಾಗಿತ್ತಾ?"

"ಹೂಂ."

"ಗೊತ್ತಿದ್ದೂ ಹತ್ತು ದಿನ ಯಾಕೆ ಬಂದ್ರಿ?"

"ಅದನ್ನೇ ಕಪಿತಾನಾರನ್ನ ಕೇಳೋಕೆ ಬಂದೆ," ಎಂದ. ಧ್ವನಿ ತಗ್ಗಿತು. "ಮೊದಲಿನದೆಲ್ಲ ಕಾಗದದ ಋಣ. ಈ ಹತ್ತು ದಿನ ಯಾರ ಋಣವೂ ಅಲ್ಲ. ಋಣ ಇಲ್ಲದೆ ಗಂಡಸು ಹೆಣ್ಣಿನ ಮನೆಗೆ ನೀರು ತಂದ್ರೆ ನಮ್ಮೂರಲ್ಲಿ ಏನಂತಾರೆ, ಕಪಿತಾನಾ?"

"ಸೇವೆ ಅಂತಾರೆ," ಎಂದರು ಅವರು. "ಅದಕ್ಕೆ ನಾನು ತೀರ್ಪು ಕೊಡಕ್ಕಾಗಲ್ಲ. ಹುಡುಗಿ ಕೊಡಬೇಕು."

ಬಾಗಿಲಲ್ಲಿ ಅಮ್ಮನ ಜಪಸರದ ಸದ್ದು ನಿಂತಿತು. ನಾನು ಮಣಿಕಟ್ಟಿನ ಬಟ್ಟೆ ಬಿಚ್ಚಿ ಅವನ ಅಂಗಿಯ ಮೇಲಿಟ್ಟೆ.

"ತಪ್ಪು ನಂದೇ," ಎಂದೆ. "ಹತ್ತು ದಿನಕ್ಕೆ ಪರಿಹಾರವಾಗಿ ನಿನ್ನ ಮದುವೆ ಅಂಗಿ ನಾನೇ ಹೊಲೀತೀನಿ. ಗಂಡು ನೀನೇ ಆದ್ರೆ, ಹೆಣ್ಣು ನಾನೇ ಆದ್ರೆ ಮಾತ್ರ."

ನಾನು ಮೊದಲ ಸಲ 'ನೀನು' ಎಂದದ್ದು ಅವನಿಗೆ ಉಳಿದೆಲ್ಲ ಮಾತಿಗಿಂತ ಮೊದಲು ತಲುಪಿತು. ಎದ್ದ ರಭಸಕ್ಕೆ ಕುರ್ಚಿ ಉರುಳಿತು.

"ಬರ್ಕೊಳ್ಳಿ, ಕಪಿತಾನಾ!" ಎಂದ.

ಈ ಸಲ ಬಲಗೈಯಲ್ಲೇ ಸಹಿ ಹಾಕಿದೆ.

ಹೊರಗೆ ಆಗಷ್ಟೇ ನೆಲ ಒರೆಸಿದ್ದರು. "ಜೋಪಾನ," ಎಂದು ಅವನು ಕೈ ಚಾಚಿದ. ಆ ದಿನ ಗಡಿಬಿಡಿಯಲ್ಲಿ ನಿಂಬೆ ಉಜ್ಜಲು ಮರೆತಿದ್ದ. ಮೀನಿನ ವಾಸನೆ ಗಮ್ಮೆಂದಿತು. ಒಣ ನೆಲ ಸಿಕ್ಕಿದ ಮೇಲೂ ನಾನು ಆ ಕೈ ಬಿಡಲಿಲ್ಲ.